ಎರಡು ಸ್ಟಾರ್ ಅಜ್ಜಿ

"ಓದು," ಅಂದರು ಅಪ್ಪ.

ಮಧುಮತಿ ಓದಲಿಲ್ಲ. ಮೊಬೈಲನ್ನು ಕೌಂಟರ್ ಮೇಲೆ ಬೋರಲಾಗಿ ಇಟ್ಟಳು. ಬಾಗಿಲ ಪರದೆಯ ಆಚೆ ಅಡುಗೆಮನೆ. ಅಲ್ಲಿ ಅಜ್ಜಿ ಮುರಿಗೆವ್ವ ಈರುಳ್ಳಿ ಹೆಚ್ಚುತ್ತಿದ್ದಳು. ಇಲ್ಲಿ ಮಾತಾಡಿದ್ದೆಲ್ಲ ಅಲ್ಲಿಗೆ ಕೇಳುತ್ತೆ.

"ಜೋರಾಗಿ ಓದು. ಆಕಿಗೂ ಕೇಳ್ಲಿ."

ಮಧುಮತಿ ಮೊಬೈಲ್ ತಿರುಗಿಸಿದಳು. "ರೊಟ್ಟಿ ಸಖತ್. ಎಣ್ಣೆಗಾಯಿ ಸೂಪರ್. ಆದ್ರೆ ಸರ್ವಿಸ್ ವರ್ಸ್ಟ್. ಒಬ್ಬ ಅಜ್ಜಿ ಇದಾರೆ, ಬೇಡ ಬೇಡ ಅಂದ್ರೂ ತಟ್ಟೆಗೆ ಹಾಕ್ತಾರೆ. ಬಿಟ್ರೆ ಎಲ್ಲರ ಮುಂದೆ ಬೈತಾರೆ. ಇನ್ನು ಈ ಕಡೆ ಬರಲ್ಲ. ಎರಡು ಸ್ಟಾರ್."

ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಯಿತು.

ಇಂಥ ರಿವ್ಯೂ ಇದೇ ಮೊದಲಲ್ಲ. ಬಿಟಿಎಂ ಎರಡನೇ ಹಂತದ ಆ ಗಲ್ಲಿಯಲ್ಲಿ ಮಧ್ಯಾಹ್ನ ಊಟಕ್ಕೆ ಬರುವ ಆಫೀಸಿನವರು ಮೊದಲು ಮೊಬೈಲ್ ನೋಡುತ್ತಾರೆ, ಆಮೇಲೆ ಬೋರ್ಡ್ ನೋಡುತ್ತಾರೆ. ಅಪ್ಪ ನಿಂಗರಾಜನ ಖಾನಾವಳಿಯಲ್ಲಿ ಈಗೀಗ ಮಧ್ಯಾಹ್ನ ಒಂದೂವರೆಗೂ ಖಾಲಿ ಕುರ್ಚಿಗಳು ಕಾಣುತ್ತಿದ್ದವು.

ಅವ್ವ ಅನ್ನಪೂರ್ಣ ರೊಟ್ಟಿ ಬಡಿಯುತ್ತಾಳೆ, ಅಪ್ಪ ಕೌಂಟರ್ ನೋಡಿಕೊಳ್ಳುತ್ತಾರೆ, ಅಜ್ಜಿ ಬಡಿಸುತ್ತಾಳೆ. ರಾಮದುರ್ಗದ ಕಡೆಯಿಂದ ಇಲ್ಲಿಗೆ ಬಂದಾಗಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಅವತ್ತು ಅಪ್ಪ ಅದನ್ನು ಬದಲಾಯಿಸಿದರು. ಬರೋ ಸೋಮವಾರ ಸಂಜೆಯಿಂದ ಮೌನೇಶ ಅಂತ ಪರಿಚಯದ ಹುಡುಗನೊಬ್ಬ ಬಡಿಸಲಿಕ್ಕೆ ಬರುತ್ತಾನೆ, ಅಜ್ಜಿ ಒಳಗೇ ಇರಲಿ ಅಂದರು.

ಅಜ್ಜಿ ಪರದೆ ಸರಿಸಿ ಹೊರಗೆ ಬಂದಳು. ಜಗಳ ಮಾಡಲಿಲ್ಲ.

"ಬಡಿಸೂದಿಲ್ಲಂದ್ರ ನಾ ಇಲ್ಲಿ ಏನ್ ಮಾಡ್ಲಿ? ದುಂಡಪ್ಪನ ಮನಿಗೆ ಹೋಗ್ತೀನಿ. ಟಿಕೆಟ್ ತಗಸು."

ದುಂಡಪ್ಪ ಅಂದರೆ ರಾಮದುರ್ಗದಲ್ಲಿರುವ ದೊಡ್ಡಪ್ಪ. ಅಜ್ಜಿ ಸುಮ್ಮನೆ ಹೆದರಿಸುವವಳಲ್ಲ. ಅವತ್ತೇ ಸಂಜೆ ಮಂಚದ ಕೆಳಗಿನ ಬ್ಯಾಗು ತೆಗೆದು ಧೂಳು ಒರೆಸಿದಳು.

ಅಜ್ಜಿ ಹೋದರೆ ಏನಾಗುತ್ತೆ ಅಂತ ಮಧುಮತಿಗೆ ಗೊತ್ತಿತ್ತು. ಅಪ್ಪ ಅವ್ವ ಬೆಳಗ್ಗೆ ಎದ್ದರೆ ಖಾನಾವಳಿ, ಮಲಗುವವರೆಗೂ ಖಾನಾವಳಿ. ಶಾಲೆಯಿಂದ ಬಂದಾಗ ಅವಳ ಮಾತು ಪೂರ್ತಿ ಕೇಳುವವಳು ಅಜ್ಜಿ ಒಬ್ಬಳೇ.

ಅಳುವುದರಿಂದ ಅಪ್ಪ ಬದಲಾಗುವುದಿಲ್ಲ. ಹಾಗಾಗಿ ಅವಳು ಅಳಲಿಲ್ಲ. ಅಜ್ಜಿ ಸರ್ವಿಸ್ ಕಲಿತರೆ ಆಗುತ್ತಾ ಅಂತ ಅಪ್ಪನನ್ನು ಕೇಳಿದಳು. ಕಲಿತರೆ ನೋಡೋಣ ಅಂದರು ಅಪ್ಪ. ಕಲಿಯುವುದಿಲ್ಲ ಅನ್ನುವ ಭರವಸೆಯಲ್ಲೇ ಅಂದರು.

ಮಧುಮತಿ ನೇರ ಮೂರನೇ ಮಹಡಿಗೆ ಹೋಗಿ ಮನುವನ್ನು ಕರೆದುಕೊಂಡು ಬಂದಳು. ಮನು ಅವಳದೇ ಕ್ಲಾಸು, ಆ ಕಟ್ಟಡದ ಓನರ್ ಚಿಕ್ಕಬೈರಪ್ಪನವರ ಮೊಮ್ಮಗ. ಅವರ ಮನೆಯವರು ಪ್ರತಿ ಭಾನುವಾರ ಹೋಟೆಲಿಗೆ ಹೋಗುತ್ತಾರೆ. ಹಾಗಾಗಿ ಹೋಟೆಲ್ ವಿಷಯದಲ್ಲಿ ತಾನು ಹೇಳಿದ್ದೇ ಫೈನಲ್ ಅಂತ ಮನು ತಿಳಿದಿದ್ದ. ಅವನು ಎಲ್ಲದಕ್ಕೂ ಸ್ಟಾರ್ ಕೊಡುತ್ತಿದ್ದ. ಶಾಲೆಯ ಪಿಟಿ ಸಾರ್‌ಗೆ ಒಂದೂವರೆ ಕೊಟ್ಟಿದ್ದ.

ದಸರಾ ರಜೆ. ಮಧ್ಯಾಹ್ನದ ಜನ ಹೋದ ಮೇಲೆ ಖಾಲಿ ಟೇಬಲಿನಲ್ಲಿ ಮನು ಕಾಲ ಮೇಲೆ ಕಾಲು ಹಾಕಿ ಕೂತ.

"ಅಜ್ಜಿ, ನಾನೀಗ ಕಸ್ಟಮರ್. ನೀವು ಒಂದೇ ಸಲ ಕೇಳ್ಬೇಕು. ಬೇಡ ಅಂದ್ರೆ ಹೋಗ್ತಾ ಇರ್ಬೇಕು."

ಅಜ್ಜಿ ರೊಟ್ಟಿ ತಂದಳು. ಹಾಕಲೇನು ಅಂದಳು. ಸಾಕು ಅಂದ ಮನು. ಅಜ್ಜಿ ಹಾಕಿದಳು.

"ಸಾಕು ಅಂದ್ನಲ್ಲ ಅಜ್ಜಿ."

"ಕೇಳಿಸ್ತಪಾ," ಅಂದು ಅಜ್ಜಿ ಪಲ್ಯವನ್ನೂ ಹಾಕಿದಳು.

"ಅಜ್ಜಿ, ಯಾಕ್ ಹಿಂಗ್ ಮಾಡ್ತಿ?" ಮಧುಮತಿ ಕೇಳಿದಳು.

"ಒಮ್ಮೆ ಬ್ಯಾಡ ಅಂದ್ರ ಅದು ಮರ್ಯಾದಿ. ಮತ್ತೊಮ್ಮೆ ಅಂದ್ರ ನಾಚಿಗಿ. ಮೂರನೇ ಸಲಕ್ಕ ನೋಡೂಣಂತ. ಕೇಳಿದ ಕೂಡಲೆ ಹೂಂ ಅಂದು ಉಣ್ಣಾಕ ಅವ್ರೇನು ಬರಗೆಟ್ಟು ಬಂದಾರೇನು?"

ಊರ ಕಡೆ ಅದೇ ರೂಢಿ. ಉಣ್ಣುವವರು ಸಾಕು ಅನ್ನಬೇಕು, ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಆದರೆ ಇದು ಬಿಟಿಎಂ. ಇಲ್ಲಿ ಸಾಕು ಅಂದರೆ ಸಾಕು ಅಷ್ಟೇ ಅಂತ ಮಧುಮತಿ ವಿವರಿಸಿದಳು. ಅಜ್ಜಿ ತಲೆ ಆಡಿಸಿದಳು. ಮತ್ತೆ ಪ್ರಾಕ್ಟೀಸ್ ಮಾಡಿಸಿದರು. ಅವತ್ತು ಮನು ಐದು ರೊಟ್ಟಿ ತಿಂದು ಮೆಟ್ಟಿಲು ಹತ್ತಲಾಗದೆ ಲಿಫ್ಟಿನಲ್ಲಿ ಹೋದ.

ಮರುದಿನ ನಿಜವಾದ ಕಸ್ಟಮರ್‌ಗಳು ಬಂದಾಗ ಅಜ್ಜಿ ಮೊದಲ ರೊಟ್ಟಿಗೆ ಕೇಳಿದಳು, ಎರಡನೆಯದಕ್ಕೆ ಮರೆತಳು. ಅನ್ನ ಬಿಟ್ಟು ಎದ್ದ ಒಬ್ಬರನ್ನು ಭುಜ ಹಿಡಿದು ಮತ್ತೆ ಕೂರಿಸಿದಳು. ಅಪ್ಪ ಕೌಂಟರಿನಿಂದ ಮಧುಮತಿಯ ಕಡೆ ನೋಡಿದರು.

"ಅಜ್ಜಿ ಯಾವತ್ತಾದ್ರೂ ಹೋಟೆಲಲ್ಲಿ ಕೂತು ತಿಂದಿದಾರಾ?" ಮನು ಕೇಳಿದ.

ಮಧುಮತಿ ಯೋಚಿಸಿದಳು. ಅಜ್ಜಿ ಯಾವ ಹೋಟೆಲಿಗೂ ಹೋಗಿರಲಿಲ್ಲ. ಮದುವೆ ಮನೆ ಬಿಟ್ಟರೆ ಅವಳಿಗೆ ಹೊರಗಿನವರು ಯಾರೂ ಬಡಿಸಿದ್ದೇ ಇಲ್ಲ.

"ಮತ್ತೆ ಹೆಂಗ್ ಗೊತ್ತಾಗ್ಬೇಕು ಗುರು? ಜಯನಗರದಲ್ಲಿ ಒಂದು ಥಾಲಿ ಪ್ಲೇಸ್ ಇದೆ. ನಾಲ್ಕೂವರೆ ಸ್ಟಾರ್. ವೇಟರ್‌ಗಳು ಪೇಟ ಎಲ್ಲ ಕಟ್ಕೊಂಡಿರ್ತಾರೆ. ಸರ್ವಿಸ್ ಅಂದ್ರೆ ಅದು."

ಭಾನುವಾರ ಸಂಜೆ ಖಾನಾವಳಿಗೆ ರಜೆ. ಅಪ್ಪ ಬರಲ್ಲ ಅಂದರು. ಅವ್ವ ತಕ್ಷಣ ಹೂಂ ಅಂದಳು. ಬೇರೆಯವರು ಮಾಡಿದ ಅಡುಗೆ ತಿಂದು ಎಷ್ಟು ಕಾಲವಾಯಿತೋ ಅಂದಳು. ಅಜ್ಜಿಯನ್ನು ಹೊರಡಿಸುವುದೇ ಕಷ್ಟವಾಯಿತು. ಊಟ ಮಾರುವ ಮನೆಯವರು ಇನ್ನೊಬ್ಬರ ಹತ್ತಿರ ಊಟ ಕೊಳ್ಳುವುದಾ ಅಂತ ಬಾಗಿಲಲ್ಲೇ ನಿಂತಳು. ಮಧುಮತಿ ಅವಳ ಚಪ್ಪಲಿ ತಂದು ಕಾಲ ಮುಂದೆ ಇಟ್ಟಳು, ಅವಳು ಹಾಕಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.

ಥಾಲಿ ಹೋಟೆಲಿನಲ್ಲಿ ತಣ್ಣನೆಯ ಎಸಿ, ಕುರ್ಚಿಗೆ ಮೆತ್ತೆ. ಅಗಲವಾದ ತಟ್ಟೆಯ ಸುತ್ತ ಪುಟ್ಟ ಬಟ್ಟಲುಗಳು. ಅಜ್ಜಿ, ಅವ್ವ, ಮಧುಮತಿ ಮೂವರೂ ಕೂತ ಕೂಡಲೇ ಕೆಂಪು ಪೇಟದವರು ಸಾಲಾಗಿ ಬಂದರು. ಒಬ್ಬ ಪೂರಿ ಹಾಕಿದ, ಇನ್ನೊಬ್ಬ ದಾಲ್, ಮತ್ತೊಬ್ಬ ಪಲ್ಯ, ಹಿಂದಿನಿಂದ ಹಲ್ವಾ, ಕಿಚಡಿ, ಕಿಚಡಿಯ ಮೇಲೆ ತುಪ್ಪ. ಯಾರೂ ಏನೂ ಕೇಳಲಿಲ್ಲ.

ಅಜ್ಜಿಯ ಮುಖ ಅರಳಿತು.

"ನೋಡಿದಿ? ಇಷ್ಟು ದೊಡ್ಡ ಹೋಟೆಲ್‌ನ್ಯಾಗೂ ಕೇಳದ ಹಾಕ್ತಾರ. ಇವ್ರು ಬಡಿಸಾಕ ಕಲ್ತಾರ. ನಿಮ್ಮಪ್ಪಗ ಹೇಳು."

ಮಧುಮತಿಗೆ ಈ ಹೋಟೆಲ್ ಹೇಳಿದ ಮನುವಿನ ಮೇಲೆ ಸಿಟ್ಟು ಬಂತು. ಬಸ್ ಹತ್ತಿ ಇಲ್ಲಿವರೆಗೂ ಬಂದು, ಅಜ್ಜಿಗೆ ಕಲಿಸಬಾರದ್ದನ್ನೇ ಕಲಿಸಿದ ಹಾಗಾಗಿತ್ತು.

ಎರಡನೇ ಸುತ್ತು ಬಂತು. ಅಜ್ಜಿ ಒಂದೊಂದಕ್ಕೂ ಸ್ಟಾರ್ ಕೊಡುವವಳ ಹಾಗೆ ಮಾತಾಡಿದಳು. ದಾಲ್ ಸಿಹಿಯಾಯಿತು, ಪಲ್ಯ ಅಡ್ಡಿಯಿಲ್ಲ, ಪೂರಿ ಮಾಡಿದವರ ಕೈ ಪಳಗಿದ ಕೈ. ಬಡಿಸಿದ್ದೆಲ್ಲ ಖಾಲಿ ಮಾಡಿದಳು. ತಟ್ಟೆಯಲ್ಲಿ ಬಿಡುವುದು ಅವಳಿಗೆ ಆಗದ ಕೆಲಸ.

ಮೂರನೇ ಸುತ್ತಿಗೆ ಅವಳು ಸಾಕು ಅಂದಳು. ಪೂರಿಯವನು ನಕ್ಕು ಹಾಕಿದ. ಅಜ್ಜಿ ಅದನ್ನೂ ತಿಂದಳು, ಆದರೆ ನಿಧಾನವಾಗಿ. ನೀರು ಕುಡಿದಳು. ಸೊಂಟದ ಹತ್ತಿರ ಸೀರೆ ಸಡಿಲಿಸಿಕೊಂಡಳು. ಈಗ ಹಲ್ವಾದವನು ಬಂದ.

"ಬ್ಯಾಡಪಾ, ಹೊಟ್ಟಿ ತುಂಬೇತಿ."

"ಸ್ವಲ್ಪ ಅಮ್ಮಾಜಿ, ಸ್ವಲ್ಪ." ಹಲ್ವಾ ಬಿತ್ತು.

ಅಜ್ಜಿ ಅದನ್ನು ದಿಟ್ಟಿಸಿದಳು. ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತೆಗೆದು ಬಾಯಿಗೆ ಹಾಕಿಕೊಂಡಳು, ಔಷಧಿ ತಿನ್ನುವ ಹಾಗೆ. ಅವಳ ಹಣೆಯ ಮೇಲೆ ಆ ಎಸಿಯಲ್ಲೂ ಬೆವರಿತ್ತು. ಪೂರಿಯವನು ಮತ್ತೆ ಬಂದದ್ದು ಕಂಡು ಅವಳು ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಇಟ್ಟಳು.

ಪೂರಿಯವನು ಕೈಗಳ ಮೇಲೇ ಪೂರಿ ಇಟ್ಟ. ಬಿಸಿ ಎಣ್ಣೆ ಬೆರಳಿಗೆ ತಾಗಿ ಅಜ್ಜಿ ಕೈ ಎಳೆದುಕೊಂಡಳು. ಪೂರಿ ತಟ್ಟೆಗೆ ಜಾರಿತು. ಪಕ್ಕದ ಟೇಬಲಿನವರು ನಕ್ಕರು. ಪೂರಿಯವನೂ ನಕ್ಕ. ಅದೊಂದು ತಮಾಷೆ, ದಿನಾ ಮಾಡುವ ತಮಾಷೆ.

ಮಧುಮತಿ ಎದ್ದು ನಿಂತಳು.

"ಅಣ್ಣ, ಅಜ್ಜಿ ಸಾಕು ಅಂದ್ರಲ್ಲ. ಯಾಕ್ ಹಾಕಿದ್ರಿ?"

"ಖುಷಿಗೆ ಪುಟ್ಟಿ. ಎಲ್ಲರಿಗೂ ಹಾಗೇ ಹಾಕ್ತೀವಿ."

"ಅವರಿಗೆ ಖುಷಿ ಆಗಿಲ್ಲ. ಮುಖ ನೋಡಿ."

ಅವನು ನೋಡಿದ. ನಗು ಹೋಯಿತು. ಸಾರಿ ಅಮ್ಮಾಜಿ ಅಂದು ಪೂರಿಯ ಪಾತ್ರೆ ಎತ್ತಿಕೊಂಡು ಆಚೆ ನಡೆದ. ಅವ್ವ ಮಧುಮತಿಯ ಫ್ರಾಕ್ ಹಿಡಿದು ಕೂರಿಸಿದಳು, ಆದರೆ ಬೈಯಲಿಲ್ಲ.

ಅಜ್ಜಿ ಪೂರಿಯಲ್ಲಿ ಅರ್ಧ ಮುರಿದಳು. ಬಾಯಿಯವರೆಗೆ ತಂದಳು. ಮತ್ತೆ ತಟ್ಟೆಯಲ್ಲಿ ಇಟ್ಟಳು. ಎದ್ದು ಕೈ ತೊಳೆಯಲು ಹೋದಳು. ಅಜ್ಜಿಯ ತಟ್ಟೆಯಲ್ಲಿ ಊಟ ಉಳಿದದ್ದನ್ನು ಮಧುಮತಿ ಅವತ್ತೇ ಮೊದಲು ನೋಡಿದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಜ್ಜಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ದಾರಿಯ ಟ್ರಾಫಿಕ್ಕಿನಲ್ಲಿ ಬಸ್ ನಿಂತಾಗ ಕಣ್ಣು ತೆರೆದಳು.

"ಮೊಬೈಲಿನ್ಯಾಗ ಬರದಾಂವ, ನೀಲಿ ಅಂಗಿ ಹಾಕ್ಕೊಂಡು ಬಂದಿದ್ನಲ್ಲ, ಅವನ?"

ಅವನೇ ಇರಬೇಕು ಅಂದಳು ಮಧುಮತಿ.

"ಅವನೂ ಹಿಂಗ ಕೈ ಅಡ್ಡ ಹಿಡದಿದ್ದ."

ಹೌದು ಅಂದಳು ಮಧುಮತಿ. ಅಜ್ಜಿಗೆ ಸಮಾಧಾನ ಆಗುವಂಥದ್ದು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

"ಮತ್ತ ನಾ ಬಿಸಿ ರೊಟ್ಟಿ ಅವನ ಕೈ ಮ್ಯಾಲ ಒಗದ್ನಿ," ಅಂದಳು ಅಜ್ಜಿ.

ಸೋಮವಾರ ಮಧ್ಯಾಹ್ನ ಬಡಿಸುವುದು ಅಜ್ಜಿಯೇ. ಮೌನೇಶ ಬರುವುದು ಸಂಜೆಗೆ. ಅಪ್ಪ ಕೌಂಟರ್ ಬಿಟ್ಟು ಗೋಡೆಗೆ ಒರಗಿ ನಿಂತರು. ಮಧುಮತಿ ನೀರಿನ ಜಗ್ ಹಿಡಿದುಕೊಂಡು ಓಡಾಡಿದಳು, ಅಜ್ಜಿಯ ಹಿಂದೆಯೇ.

ಮೊದಲ ಟೇಬಲಿನಲ್ಲಿ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡ ಇಬ್ಬರು ಹುಡುಗಿಯರು. ಅಜ್ಜಿ ರೊಟ್ಟಿ ಹಿಡಿದು, ಹಾಕಲೇನವಾ ಅಂದಳು. ಸಾಕಜ್ಜಿ ಅಂದರು. ಅಜ್ಜಿಯ ಕೈ ತಟ್ಟೆಯವರೆಗೂ ಹೋಗಿತ್ತು. ಅಲ್ಲೇ ನಿಂತಿತು. ಹಿಂದಕ್ಕೆ ಬಂತು. ಅವರು ಅನ್ನ ಬಿಟ್ಟು ಎದ್ದರು. ಅಜ್ಜಿ ತುಟಿ ಕಚ್ಚಿಕೊಂಡು ಆ ತಟ್ಟೆಗಳನ್ನು ಒಳಗೆ ಒಯ್ದಳು. ಒಳಗೆ ಪಾತ್ರೆಗಳು ಬೈಸಿಕೊಂಡವು. ಹೊರಗೆ ಬರುವಾಗ ಅವಳ ಬಾಯಿ ಮುಚ್ಚಿತ್ತು.

ಎರಡು ಗಂಟೆಯ ಹೊತ್ತಿಗೆ ಸಿದ್ಧಾರ್ಥ ಬಂದರು. ಇಳಕಲ್ ಕಡೆಯವರು, ಮೇಲಿನ ಪಿಜಿಯಲ್ಲಿ ಇರುತ್ತಾರೆ, ವಾರಕ್ಕೆ ಮೂರು ನಾಲ್ಕು ಸಲ ಇಲ್ಲೇ ಊಟ. ಎರಡು ರೊಟ್ಟಿ ಮುಗಿದ ಮೇಲೆ ಅಜ್ಜಿ ಬಂದು, ಹಾಕಲೇನು ಅಂದಳು. ಅವರು ಸಾಕು ಅಂದರು. ಅಜ್ಜಿ ಮುಂದಿನ ಟೇಬಲಿಗೆ ಹೋದಳು.

ಸಿದ್ಧಾರ್ಥ ತಲೆ ಎತ್ತಿ ಅವಳ ಬೆನ್ನನ್ನು ನೋಡಿದರು. ಬಟ್ಟಲಿನಲ್ಲಿ ಉಳಿದಿದ್ದ ಪಲ್ಯವನ್ನು ಬರೀ ಬೆರಳಿನಿಂದ ತಿಂದರು. ಎದ್ದು ಹೋದರು. ಮೈ ಹುಷಾರಿಲ್ಲವೋ ಏನೋ ಅಂದುಕೊಂಡಳು ಮಧುಮತಿ.

ಮೂರು ಗಂಟೆಗೆ ಅಪ್ಪ ಬಾಗಿಲು ಅರ್ಧ ಎಳೆದರು. ಯಾರಿಗೋ ಫೋನ್ ಮಾಡಿದರು. ಮೌನೇಶನಿಗೇ. ಬಡಿಸುವ ಕೆಲಸಕ್ಕೆ ಈಗ ಜನ ಬೇಕಾಗಿಲ್ಲ, ಬೇಕಿದ್ದರೆ ಪಾರ್ಸೆಲ್ ನೋಡಿಕೋ ಅಂದರು. ಅದನ್ನು ಕೇಳಿಸಿಕೊಂಡ ಅಜ್ಜಿ ಮನೆಯವರ ಊಟಕ್ಕೆ ತಟ್ಟೆ ಇಡತೊಡಗಿದಳು. ಮಧುಮತಿ ಜಗ್ ಇಟ್ಟು ಉಸಿರು ಬಿಟ್ಟಳು. ಗೆದ್ದಿದ್ದಳು. ಮನುವಿಗೆ ಹೇಳಬೇಕು ಅಂದುಕೊಂಡಳು.

ಮನೆಯವರೆಲ್ಲ ಊಟಕ್ಕೆ ಕೂತರು. ಎಂದಿನಂತೆ ಅಜ್ಜಿಯೇ ಬಡಿಸಿದಳು. ಮಧುಮತಿಗೆ ಬೆಳಗಿನಿಂದ ಓಡಾಡಿ ಹಸಿವಾಗಿತ್ತು. ಎರಡು ರೊಟ್ಟಿ ಹೇಗೆ ಹೋದವೋ ತಿಳಿಯಲಿಲ್ಲ.

"ಹಾಕಲೇನು?" ಅಂದಳು ಅಜ್ಜಿ.

"ಸಾಕಜ್ಜಿ," ಅಂದಳು ಮಧುಮತಿ, ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ ರೊಟ್ಟಿಗೆ ಜಾಗ ಮಾಡುತ್ತಾ.

ರೊಟ್ಟಿ ಬೀಳಲಿಲ್ಲ.

ಅವಳು ತಲೆ ಎತ್ತಿದಳು. ಅಜ್ಜಿ ಆಗಲೇ ಅವ್ವನ ತಟ್ಟೆಯ ಹತ್ತಿರ ಇದ್ದಳು. ಅಲ್ಲೂ ಕೇಳಿದಳು, ಕಾದಳು. ಅವಳಿಗೆ ಕಲಿಸಿದ್ದು ಹಾಗೇ.

ಮಧುಮತಿ ತಟ್ಟೆ ನೋಡಿದಳು. ನಡುವೆ ಖಾಲಿ ಜಾಗ, ಅಂಚಿನಲ್ಲಿ ಪಲ್ಯ. ಸಿದ್ಧಾರ್ಥ ಅಣ್ಣನ ಮೈಗೆ ಏನೂ ಆಗಿರಲಿಲ್ಲ. ಅವರಿಗೆ ಹಸಿವಾಗಿತ್ತು.

ಬೇಕು ಅನ್ನಬೇಕು, ಅಷ್ಟೇ. ಸಣ್ಣ ಮಾತು. ಈ ಮನೆಯಲ್ಲಿ ಇದುವರೆಗೂ ಅವಳು ಆ ಮಾತು ಆಡಿದ್ದೇ ಇಲ್ಲ. ಆಡುವ ಮೊದಲೇ ಎಲ್ಲ ತಟ್ಟೆಗೆ ಬಂದುಬಿಡುತ್ತಿತ್ತು. ಬಾಯಿ ತೆರೆದರೆ ನಾಚಿಕೆಯಾಯಿತು, ತನ್ನ ಅಜ್ಜಿಯ ಮುಂದೆಯೇ.

"ಅಜ್ಜಿ," ಅಂದಳು. "ನನಗೆ ಇನ್ನೊಂದು ಬೇಕು."

ಅಜ್ಜಿ ತಿರುಗಿ ನೋಡಿದಳು. ಬಂದು ಒಂದು ರೊಟ್ಟಿ ಹಾಕಿದಳು, ಒಂದೇ. ಇನ್ನೊಂದು ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು, ಏನೂ ಕೇಳದೆ, ಮೊಮ್ಮಗಳ ಮುಖ ನೋಡುತ್ತಾ ನಿಂತಳು.

ಮಧುಮತಿ ತಟ್ಟೆಯನ್ನು ಅವಳ ಕಡೆಗೆ ಸ್ವಲ್ಪ ಸರಿಸಿದಳು.