ವೈರ್ ಇಲ್ಲದೆ ಓಡಿದ ಕಾರು

ತೊಂಬತ್ತೆಂಟರಲ್ಲಿ ಚಿಕ್ಕಲಸಂದ್ರದ ನಮ್ಮ ಮನೆಯಂಗಳದಲ್ಲಿ ನಡೆದದ್ದನ್ನು ಹಾಗೇ ಹೇಳ್ತೀನಿ. ಭಾನುವಾರ ಮಧ್ಯಾಹ್ನ ಕಾರಿನ ಸ್ಪಾರ್ಕ್ ಪ್ಲಗ್ ವೈರ್ ಬದಲಾಯಿಸುತ್ತಿದ್ದೆ. ಹಳೆಯ ನಾಲ್ಕನ್ನೂ ಕಿತ್ತಿಟ್ಟು ಹೊಸದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಎಂಜಿನ್ ತಾನಾಗಿಯೇ ಸ್ಟಾರ್ಟ್ ಆಯ್ತು. ಆ ವೈರ್ ಇಲ್ಲದೆ ಎಂಜಿನ್ ಓಡೋದಿಲ್ಲ. ಕೀ ಬೇರೆ ನನ್ನ ಜೇಬಿನಲ್ಲಿತ್ತು.

ತುಂಬು ಬಸುರಿ ಹೆಂಡತಿ ಪದ್ಮಶ್ರೀ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು. "ರೀ, ನೋವು ಶುರುವಾಯ್ತು. ಹೇಗೂ ಗಾಡಿ ಸ್ಟಾರ್ಟ್ ಮಾಡಿದ್ದೀರಲ್ಲ, ನಡೀರಿ."

ಬಾನೆಟ್ ಮುಚ್ಚಿ, ಅವಳನ್ನು ಕೂರಿಸಿಕೊಂಡು ಓಡಿಸಿದೆ. ಜಯನಗರದ ಆಸ್ಪತ್ರೆವರೆಗೂ ಕಾರು ಒಂದು ಕಡೆಯೂ ಜರ್ಕ್ ಹೊಡೆಯಲಿಲ್ಲ.

"ಏಸಿ ಯಾವಾಗ ಹಾಕಿಸಿದ್ರಿ?" ಅಂತ ಪದ್ಮಶ್ರೀ ನಡುಗುತ್ತಾ ಸೆರಗು ಹೊದ್ದುಕೊಂಡಳು. ನಮ್ಮ ಕಾರಿಗೆ ಏಸಿ ಇರಲೇ ಇಲ್ಲ.

ಮಗಳು ಹುಟ್ಟಿದಳು. ಮರುದಿನ ಆಸ್ಪತ್ರೆ ಮುಂದೆಯೇ ಹೊಸ ವೈರ್ ಸರಿಯಾಗಿ ಹಾಕಿದೆ. ಆಮೇಲೆ ಎಷ್ಟೋ ಮೆಕ್ಯಾನಿಕ್‌ಗಳು ನೋಡಿದರು. ಆ ಎಂಜಿನ್ ಇವತ್ತಿನವರೆಗೂ ಸ್ಟಾರ್ಟ್ ಆಗಿಲ್ಲ.