ಹಂದನಕೆರೆ ದಾರಿಯಲ್ಲಿ ನಿಂತ ಗಾಡಿ

ಗಾಡಿ ಮತ್ತೆ ನಿಂತಿತ್ತು. ಹಂದನಕೆರೆ ದಾಟಿ, ಟೀ ಅಂಗಡಿಯ ಎದುರಿಗೇ, ಉಂಡೆ ಕೊಬ್ಬರಿಯ ಚೀಲಗಳನ್ನು ಹೊತ್ತುಕೊಂಡು ನಿಂತಿತ್ತು.

ಡ್ರೈವರ್ ತಿಪ್ಪೇಸ್ವಾಮಿಯ ಫೋನು ಬಂದದ್ದೇ ತಡ, ಗಾಡಿಯ ಮಾಲೀಕ ಜ್ಞಾನೇಶ ಬೈಕು ಹತ್ತಿ ಬಂದ. ಜೇಬಿನಿಂದ ಬೀಗದಕೈ ತೆಗೆದು ಡೀಸೆಲ್ ಟ್ಯಾಂಕಿನ ಮುಚ್ಚಳ ತೆರೆದು ಇಣುಕಿದ. ಡೀಸೆಲ್ ಕುತ್ತಿಗೆವರೆಗೂ ಇತ್ತು. ಮುಚ್ಚಿ, ಬೀಗ ಹಾಕಿ, ಸೀಟಿನಲ್ಲಿ ಕೂತು ಒಂದೆರಡು ಸಲ ಚಾವಿ ತಿರುಗಿಸಿದ.

ಸ್ಟಾರ್ಟ್ ಆಯಿತು!

"ನನ್ನ ಕೈಗೆ ಆಗುತ್ತೆ. ನಿನ್ನ ಕೈಗೆ ಯಾಕ್ಲಾ ಆಗಲ್ಲ?"

"ನಂಗೇನು ಗೊತ್ತಣ್ಣ? ಬೆಳಿಗ್ಗೇನೂ ಹಿಂಗೇ ಸತಾಯ್ಸ್ತು. ಹತ್ತು ಸಲ ಹೊಡೆದ್ಮೇಲೆ ಹತ್ಕೊಂತು."

"ಪ್ರತಿ ಸಲಾನೂ ದಾರೀಲೇ ನಿಲ್ಲುತ್ತೆ, ನಾನು ಬಂದ ತಕ್ಷಣ ಹೊರಡುತ್ತೆ. ಬೇಕಂತ್ಲೇ ನಿಲ್ಲಿಸಿ ಕೊಬ್ಬರಿ ಇಳಿಸ್ತಿದ್ದೀಯ. ಕಳ್ಳ!"

ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ತಿಪ್ಪೇಸ್ವಾಮಿ ಜ್ಞಾನೇಶನ ಮನೆಯ ಗಾಡಿ ಹಿಡಿದು ಎಂಟು ವರ್ಷವಾಗಿತ್ತು. ಅವನು ಹೆಗಲ ಮೇಲಿನ ಟವೆಲು ಕೊಡವಿ ತನ್ನ ಹಟ್ಟಿಯ ಕಡೆ ನಡೆದುಬಿಟ್ಟ. ಹೋಗಲಿ, ಪೀಡೆ ತೊಲಗಿತು ಎಂದುಕೊಂಡು ಜ್ಞಾನೇಶ ಬೈಕನ್ನು ಟೀ ಅಂಗಡಿಯ ಹತ್ತಿರ ಬಿಟ್ಟು ಗಾಡಿಯನ್ನು ಮನೆಗೆ ತಿರುಗಿಸಿದ.

ಮಾರನೆಯ ದಿನ ತಾನೇ ಓಡಿಸಿಕೊಂಡು ಹೊರಟ. ಬೆಳಿಗ್ಗೆ ಸ್ಟಾರ್ಟ್ ಮಾಡುವಷ್ಟರಲ್ಲೇ ಬೆವರಿಳಿಯಿತು. ತಿಪಟೂರಿನ ಹೊರವಲಯ ಮುಟ್ಟುವಾಗ ಇಂಜಿನ್ ಎರಡು ಸಲ ಜಗ್ಗಾಡಿ ಆಫ್ ಆಯಿತು. ಚಾವಿ ತಿರುಗಿಸಿದ. ಕರಕರ ಸದ್ದು. ಮತ್ತೆ ತಿರುಗಿಸಿದ. ಅದೇ ಸದ್ದು. ಬ್ಯಾಟರಿ ಸೋಲುವ ತನಕ ತಿರುಗಿಸಿದ. ಬಾಗಿಲಿಗೆ ಒದ್ದ, ಕಾಲಿಗೇ ನೋವಾಯಿತು. ಕೈಲಾಗದವನು ಮೈಯೆಲ್ಲಾ ಪರಚಿಕೊಂಡನಂತೆ! ಕೊಬ್ಬರಿ ಕೊಳ್ಳುವ ಮಂಡಿಯವರು ಅಷ್ಟರಲ್ಲಿ ಎರಡು ಸಲ ಫೋನು ಮಾಡಿ, ಮೂರನೆಯ ಸಲ ಮಾಡುವುದನ್ನೇ ಬಿಟ್ಟರು.

ಕಾಲೆಳೆಯುತ್ತ ದಾನೇಶ್ವರಿಯ ಬಿಡಿಭಾಗಗಳ ಅಂಗಡಿಗೆ ಬಂದ. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದ ಹೆಂಗಸು. ಬಾಯಿ ಜೋರು, ಗಿರಾಕಿ ಬಿಡುವವಳಲ್ಲ.

"ಡೀಸೆಲ್ ಫಿಲ್ಟರ್ ಕೊಡಿ ಅಕ್ಕ. ತಿಪ್ಪೇಸ್ವಾಮೀನ ನಿನ್ನೆ ಕಳಿಸ್ದೆ, ಇವತ್ತು ನನ್ನ ಕೈಲೂ ನಿಂತೋಯ್ತು."

"ಮೊನ್ನೆ ಒಂದು ತಗೊಂಡೆ. ಅದಕ್ಕೂ ಮುಂಚೆ ಒಂದು. ಪಂಪೂ ಹಾಕಿಸ್ದೆ. ನಾನಿನ್ನು ಕೊಡಲ್ಲ ಕಣಪ್ಪ."

"ಏನು?!"

"ಕಾರಣ ಗೊತ್ತಾಗೋ ತನಕ ಕೊಡಲ್ಲ. ಮೂರು ಮಾರಿ ನಾಳೆ ನಿನ್ನ ಬಾಯಲ್ಲಿ ಬೈಸ್ಕೊಳ್ಳಾಕೆ ನಂಗೇನು ಗ್ರಾಚಾರ? ಕೂತ್ಕೊ. ಡೀಸೆಲ್‌ನಾಗೆ ನೀರಿತ್ತಾ?"

"ಇಲ್ಲ. ಗ್ಯಾರೇಜಿನ ರಂಗನಾಥ್ ಮೇಸ್ತ್ರಿ ಫಿಲ್ಟರ್ ಕೆಳಗಿಂದ ಬಸಿದು ನೋಡ್ದ."

"ಪೈಪಿನಾಗೆ ಗಾಳಿ?"

"ಜಾಯಿಂಟೆಲ್ಲ ಬಿಗಿ ಮಾಡ್ದ. ಚಿಕ್ಕನಾಯಕನಹಳ್ಳಿ ಪೇಟೇಲಿ ಒಂದು ಸುತ್ತು ಓಡಿಸ್ದ. ಒಂದು ಸಲಾನೂ ನಿಲ್ಲಲಿಲ್ಲ!"

"ಒಂದು ಸುತ್ತಿಗೆ ಏನು ನಿಲ್ಲುತ್ತೆ? ನೀ ಎಲ್ಲಿಂದೆಲ್ಲಿಗೆ ಹೊಡೀತೀಯ ಅನ್ನೋದು ಲೆಕ್ಕ. ಸರಿ, ತಿಪ್ಪೇಸ್ವಾಮಿ ಕೈಲಿ ನಿಂತಾಗ ನೀನು ಹೋಗಿ ಏನ್ ಮಾಡ್ತಿದ್ದೆ?"

"ಡೀಸೆಲ್ ಕದ್ದಿದ್ದಾನೇನೋ ಅಂತ ಮುಚ್ಚಳ ತೆಗೆದು ನೋಡ್ತಿದ್ದೆ. ಆಮೇಲೆ ಸ್ಟಾರ್ಟ್ ಮಾಡ್ತಿದ್ದೆ. ಆಗ್ತಿತ್ತು."

"ಪ್ರತಿ ಸಲ?"

"ಪ್ರತಿ ಸಲ. ಅದಕ್ಕೇ ಅನುಮಾನ ಬಂತು."

"ಬೀಗದಕೈ ಅವನ ತಾವ ಇತ್ತಾ?"

"ಎಲ್ಲಾದ್ರೂ ಉಂಟಾ? ನನ್ನ ಹತ್ರಾನೇ."

"ಇವತ್ತು ನಿಂತಾಗ ಮುಚ್ಚಳ ತೆಗೆದ್ಯಾ?"

ಜ್ಞಾನೇಶ ಹುಬ್ಬು ಗಂಟಿಕ್ಕಿದ. ಇದೆಂಥ ಪ್ರಶ್ನೆ?

"ಇವತ್ತು ಯಾಕೆ ತೆಗೀಲಿ? ಕದಿಯಾಕೆ ಯಾರಿದ್ರು, ನಾನೇ ಓಡಿಸ್ತಿದ್ದೆ!"

ದಾನೇಶ್ವರಿ ಎದ್ದು ನಿಂತಳು. "ಇನ್ನೊಂದು ಹೇಳು. ಕೊಬ್ಬರಿ ಯಾವ ವಾಸನೆ ಇದ್ರೂ ಹೀರ್ಕೊಂತದೆ. ಟ್ಯಾಂಕಿನ ಬಾಯಿ ಪಕ್ಕಾನೇ ಚೀಲ ಇಡ್ತೀಯ. ಮಂಡಿಯವರು ಸುಮ್ನಿದ್ರಾ?"

"ಹೋದ ತಿಂಗಳು ಒಂದು ಚೀಲ ಮೂಸಿ ವಾಪಸ್ ಕೊಟ್ರು. ಅದಕ್ಕೆ ನಾನೇ ದಾರಿ ಮಾಡ್ದೆ ಅಕ್ಕ." ಅವನ ಮುಖದಲ್ಲಿ ಅಷ್ಟು ಹೊತ್ತಿಗೆ ಮೊದಲ ಸಲ ಕಳೆ ಬಂತು. "ಮುಚ್ಚಳದಲ್ಲಿ ಒಂದು ಸಣ್ಣ ತೂತಿತ್ತು. ಪೈಪಿಗೆ ಹಚ್ಚೋ ಅಂಟು ಹಾಕಿ ಮುಚ್ಚಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಕೊಟ್ಟೆ. ಈಗ ಮೂಗಿಟ್ಟು ನೋಡಿದ್ರೂ ವಾಸನೆ ಬರಲ್ಲ."

"ಗಾಡಿ ತಾವ ನಡಿ."

ಇಬ್ಬರೂ ಬಿಸಿಲಲ್ಲಿ ನಡೆದರು. ದಾನೇಶ್ವರಿ ಟ್ಯಾಂಕಿನ ಪಕ್ಕ ಬಗ್ಗಿದಳು. "ನಿಧಾನಕ್ಕೆ ತಿರುಗ್ಸು. ಕಿವಿ ಕೊಡು."

ಮುಚ್ಚಳ ಸಡಿಲವಾಯಿತು. ಸ್ಸ್ಸ್... ಎಂದು ಗಾಳಿ ಒಳಕ್ಕೆ ನುಗ್ಗಿತು.

"ಕೇಳಿಸ್ತಾ? ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಕ್ಕೆ ಹೋಗ್ಬೇಕು. ಆ ತೂತು ಇದ್ದಿದ್ದೇ ಅದಕ್ಕೆ. ನೀ ಮುಚ್ದೆ. ಇಂಜಿನ್ ಒಂದಷ್ಟು ದೂರ ಎಳೀತು, ಆಮೇಲೆ ಎಳೆಯೋಕಾಗ್ದೆ ನಿಂತ್ಕೊಂತು. ಟ್ಯಾಂಕ್ ತುಂಬಿದ್ರೆ ಒಳಗೆ ಗಾಳಿ ಕಮ್ಮಿ, ಇನ್ನೂ ಬೇಗ ನಿಲ್ಲುತ್ತೆ. ರಾತ್ರಿಯೆಲ್ಲ ಪೈಪಿನ ಡೀಸೆಲ್ ಹಿಂದಕ್ಕೆ ಜಗ್ಕೊಂಡಿರುತ್ತೆ, ಅದಕ್ಕೇ ಬೆಳಿಗ್ಗೆ ಸತಾಯ್ಸೋದು."

"ಮತ್ತೆ ನಾನು ಬಂದಾಗ..."

"ಕಳ್ಳನ್ನ ಹುಡುಕಾಕೆ ಮುಚ್ಚಳ ತೆಗೀತಿದ್ದೆ. ಗಾಳಿ ಹೋಗ್ತಿತ್ತು. ಹತ್ಕೊಂತಿತ್ತು. ಇವತ್ತು ಅನುಮಾನ ಪಡಾಕೆ ಯಾರೂ ಇರ್ಲಿಲ್ಲ, ನೀ ತೆಗೀಲಿಲ್ಲ, ಹತ್ಲಿಲ್ಲ. ಗಾಡಿ ನಿಲ್ಲಿಸ್ತಿದ್ದೋನು ತಿಪ್ಪೇಸ್ವಾಮಿ ಅಲ್ಲ ಕಣಪ್ಪ. ನೀನು."

ಆಟೋದವನೊಬ್ಬ ತನ್ನ ಬ್ಯಾಟರಿಯಿಂದ ವೈರು ಕೊಟ್ಟ. ಗಾಡಿ ಮೊದಲ ಏಟಿಗೇ ಹೊತ್ತಿಕೊಂಡು ಹದವಾಗಿ ಗುಡುಗತೊಡಗಿತು. ಆ ಸದ್ದು ಕೇಳಿ ಜ್ಞಾನೇಶನಿಗೆ ಸಂತೋಷವಾಗಲಿಲ್ಲ. ನಾಚಿಕೆಯಾಯಿತು. ಫೋನು ತೆಗೆದ. ತಿಪ್ಪೇಸ್ವಾಮಿ ಎತ್ತುವ ಹೊತ್ತಿಗೆ ರಿಂಗಣ ಮುಗಿಯುತ್ತ ಬಂದಿತ್ತು.

"ತಿಪ್ಪೇಸ್ವಾಮಿ, ತಪ್ಪು ನಂದೇ ಕಣಪ್ಪ. ಮುಚ್ಚಳದ ತೂತು ನಾನೇ ಮುಚ್ಚಿದ್ದೆ. ನಾಳೆಯಿಂದ ಬಾ."

ಆ ಕಡೆ ಕುರಿಗಳ ಸದ್ದು.

"ಕೇಳಿಸ್ತೇನಪ್ಪ?"

"ಕೇಳಿಸ್ತಣ್ಣ. ಆದ್ರೆ ನೀವು ಕಳ್ಳ ಅಂದಿದ್ದು ಫೋನಿನಾಗಲ್ಲ. ಟೀ ಅಂಗಡಿ ಮುಂದೆ, ಎಲ್ಲರ ಎದುರಿಗೆ. ಇದನ್ನೂ ಅಲ್ಲೇ ಬಂದು ಹೇಳಿ. ಆಮೇಲೆ ಗಾಡಿ ವಿಷಯ ಮಾತಾಡಾನ."