ಉಷ್ಣಹಾಯಿಯ ಕೆಳಮಡಿಕೆ

ಉಷ್ಣಹಾಯಿ ಮತ್ತೆ ಕೆಲಸ ಮಾಡಿತು. ಬಟ್ಟೆಯ ಮೇಲೆ ಕಟ್ಟಿದ್ದ ಮಂಜುಗಡ್ಡೆ ಕರಗಿ, ಚುಕ್ಕಾಣಿ ಹಿಡಿದು ಕೂತಿದ್ದ ಹೊನ್ನಪ್ಪ ಹರಿಕಂತ್ರನ ಕುತ್ತಿಗೆಯೊಳಗೆ ತಣ್ಣೀರು ಇಳಿಯಿತು.

"ಅಕ್ಕೋರೆ, ನಿಮ್ಮ ಹಾಯಿ ಬೆಚ್ಚಗಿದೆ, ನನಗೆ ಜಳಕ ಆಯ್ತು!" ಎಂದು ಅವನು ದೋಣಿಯ ಮುಂದಿನ ತುದಿಯಲ್ಲಿದ್ದ ಮೃಣಾಲಿನಿಗೆ ಕೂಗಿದ. ಅವನಿಗೆ ಕೂಗಿ ಕೂಗಿಯೂ ಸಾಕಾಗಿತ್ತು.

ಧ್ರುವದ ಹತ್ತಿರದ ಆ ಕಡಲಿನಲ್ಲಿ ಎಂಜಿನ್ ನಿಷೇಧಿಸಿ ಬಹಳ ವರ್ಷಗಳಾಗಿದ್ದವು. ಹಾಯಿಯೇ ಗತಿ, ಹಾಯಿಗೆ ಹಿಮವೇ ಶತ್ರು. ಅದಕ್ಕೆಂದೇ ವಿಜ್ಞಾನಿ ಡಾ. ಮೃಣಾಲಿನಿ ಈ ಬಟ್ಟೆಯನ್ನು ನೇಯಿಸಿದ್ದಳು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ; ಅವನ ಶಾಖವನ್ನು ಇದರ ಎಳೆಗಳು ಹೀರಿಟ್ಟುಕೊಂಡು ಬೇಕಾದಾಗ ಬಿಡುತ್ತಿದ್ದವು. ಹಾಯಿ ಹಳೆಯ ಚೀನೀ ಮಾದರಿಯದು: ಬಿದಿರಿನ ಅಡ್ಡಪಟ್ಟಿಗಳ ನಡುವೆ ಆರು ತುಂಡು ಬಟ್ಟೆ. ಹಗ್ಗ ಸಡಿಲಿಸಿದರೆ ಕೆಳಗಿನ ತುಂಡಿನಿಂದ ಶುರುವಾಗಿ ಒಂದೊಂದೇ ಮಡಿಕೆಯಾಗಿ ಕೂರುತ್ತದೆ. ಇಳಿಸಿಟ್ಟಾಗ ಮಡಿಕೆಗಳು ಹೆಪ್ಪುಗಟ್ಟಿ ಅಂಟಿಕೊಳ್ಳದಿರಲೆಂದು ಅವುಗಳ ಒಳಗೆ ಸದಾ ಬೆಚ್ಚಗಿರುವಂತೆ ಅವಳು ಏರ್ಪಾಡು ಮಾಡಿದ್ದಳು.

ಆ ಪುಟ್ಟ ದೋಣಿಯೇ ಮನೆಯಾಗಿ, ಅದರಲ್ಲೇ ಬೇಯಿಸಿ ಉಂಡು ಮಲಗಿ ಇಬ್ಬರೂ ಬೇಸತ್ತಿದ್ದರು. ದಕ್ಷಿಣದ ಬಂದರಿನಲ್ಲಿ ಪರೀಕ್ಷಕರ ಮುಂದೆ ಪೂರ್ತಿ ಹಾಯಿ ಏರಿಸಿ ತೋರಿಸಿದರೆ ಅವಳ ಶೋಧಕ್ಕೆ ಮನ್ನಣೆ. ಹೊನ್ನಪ್ಪನಿಗೆ ಬಿಡುಗಡೆ, ನೇರ ತನ್ನೂರು ತದಡಿಗೆ, ಹೆಂಡತಿ ಮಕ್ಕಳ ಹತ್ತಿರ.

ದಾರಿಯಲ್ಲಿ ದಟ್ಟ ಮಂಜು ಕವಿದು, ಒಂದು ಕೊಲ್ಲಿಯಲ್ಲಿ ಬಹಳ ದಿನ ಲಂಗರು ಹಾಕಬೇಕಾಯಿತು. ಮಂಜು ಸರಿದಾಗ ಹಾಯಿ ಏರಿಸಲು ಹೋದ ಹೊನ್ನಪ್ಪ ಹಾಗೇ ನಿಂತ. ಎಲ್ಲಕ್ಕಿಂತ ಕೆಳಗಿನ ಮಡಿಕೆಯಲ್ಲಿ ಪಾಚಿಯ ಗೂಡು. ಗೂಡಿನಲ್ಲಿ ಕಾವಿಗೆ ಕೂತ ಕಡಲಹಕ್ಕಿ.

"ನೀವು ನೋಡಲೇ ಇಲ್ಲವೇ ಹೊನ್ನಪ್ಪಣ್ಣ?" ಮೃಣಾಲಿನಿ ಕೇಳಿದಳು.

"ನೋಡಿದ್ದೆ. ದಣಿದು ಕೂತದೆ ಅಂದ್ಕೊಂಡೆ. ದೋಣಿಗೆ ಬಂದ ಹಕ್ಕೀನ ನಮ್ಮ ಕೇರಿಯಲ್ಲಿ ಯಾರೂ ಎಬ್ಬಿಸೂದಿಲ್ಲ."

"ಗೂಡನ್ನು ದಡದ ಬಂಡೆಯ ಮೇಲಿಡೋಣ."

"ಮೊದಲು ಆ ಬಂಡೆ ಮೇಲೆ ಕಂಬಳಿ ಇಲ್ಲದೆ ನೀವು ಒಂದು ತಾಸು ಮಲಗಿ ತೋರಿಸಿ!"

ಅವನು ಗೊಣಗುತ್ತ ಮೇಲಿನ ಮೂರು ತುಂಡುಗಳನ್ನಷ್ಟೇ ಏರಿಸಿದ. ಕೆಳಗಿನ ಮೂರು, ಹಕ್ಕಿಯ ಸಮೇತ, ಕದಲದೆ ಉಳಿದವು. ಅರ್ಧ ಹಾಯಿಯ ದೋಣಿ ತೆವಳಿತು. ಗಂಡುಹಕ್ಕಿ ಹಿಂದೆಯೇ ಹಾರಿಬಂತು. ಹೊನ್ನಪ್ಪ ಎರಡನ್ನೂ ದಿನವಿಡೀ ಬೈದ. ಆದರೆ ಅಡುಗೆಗೆ ಮೀನು ಹೆಚ್ಚುವಾಗ ಕರುಳನ್ನು ಗೂಡಿನ ಬಳಿಯೇ ಇಟ್ಟ. ದಾರಿಯಲ್ಲೇ ಎರಡು ಮರಿ ಹೊರಬಂದವು.

ಬಂದರಿನ ಕಟ್ಟೆಯ ಮೇಲೆ ಪರೀಕ್ಷಕರು ಚಳಿಗೆ ಕೈಯುಜ್ಜುತ್ತ ಕಾದಿದ್ದರು.

"ಪೂರ್ತಿ ಏರಿಸಿ."

"ಮೇಲಿಂದು ನೋಡ್ಕೊಳ್ಳಿ," ಎಂದ ಹೊನ್ನಪ್ಪ. "ಕೆಳಗಿಂದಕ್ಕೆ ಇನ್ನೂ ರೆಕ್ಕೆ ಬಲಿತಿಲ್ಲ."

"ಅರ್ಧ ಹಾಯಿಗೆ ಮನ್ನಣೆ ಕೊಡಲಾಗದು. ಇಂದೇ ಕೊನೆಯ ದಿನ."

ಮೃಣಾಲಿನಿ ಹಗ್ಗಕ್ಕೆ ಕೈ ಹಾಕಿದಳು. ಮಡಿಕೆಯೊಳಗಿನಿಂದ ಎರಡು ಬಾಯಿಗಳು ತೆರೆದವು. ಅವಳು ಕೈ ತೆಗೆದಳು. ಪರೀಕ್ಷಕರು ಹೊರಟುಹೋದರು.

"ಮರಿ ಹಾರುವ ತನಕ ನಾನಿರುತ್ತೇನೆ," ಎಂದಳು ಮೃಣಾಲಿನಿ. "ನೀವು ಊರಿಗೆ ಹೊರಡಿ."

ಹೊನ್ನಪ್ಪ ಚೀಲ ಹೆಗಲಿಗೇರಿಸಿ ಕಟ್ಟೆ ಹತ್ತಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಅಕ್ಕೋರೆ, ಮೀನು ಹಿಡಿಯೂಕೆ ಬರ್ತದೋ ನಿಮಗೆ?"

"ಇಲ್ಲ."

"ಹೆಚ್ಚೂಕೆ?"

"ಅದೂ ಬರುವುದಿಲ್ಲ."

"ಥೂ! ಯಾರು ಕೊಟ್ಟರೋ ನಿಮಗೆ ಡಾಕ್ಟರು ಅಂತ ಹೆಸರು!"

ಅವನು ಚೀಲವನ್ನು ದೋಣಿಯೊಳಗೆ ಎಸೆದು, ಗಾಳ ಹುಡುಕತೊಡಗಿದ.